ತಾನಾಗಿ ತೆರೆಯುವ ಬಾಗಿಲು

ಬಡಗಿಯನ್ನು ಆ ಬೀದಿಯಲ್ಲಿ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎಲ್ಲರಿಗೂ ಅವನು ನೇರಪ್ಪ. ಯಾರ ಮನೆಗೆ ಹೋದರೂ ಕೂರುವ ಮೊದಲು ಗೋಡೆಯ ಮೇಲಿನ ಫೋಟೋ ನೇರ ಮಾಡುವುದು, ಹೋಟೆಲಿನ ಮೇಜು ಅಲ್ಲಾಡಿದರೆ ಕಾಲಿನ ಕೆಳಗೆ ಕಾಗದ ಮಡಚಿ ಇಟ್ಟಮೇಲೆಯೇ ಚಹಾ ಮುಟ್ಟುವುದು ಅವನ ಹುಟ್ಟುಗುಣ. ನಲವತ್ತು ವರ್ಷದಲ್ಲಿ ಎಷ್ಟು ಬಾಗಿಲು ಕೂರಿಸಿದ್ದನೋ ಅವನಿಗೇ ಗೊತ್ತಿರಲಿಲ್ಲ. ಆದರೆ ಒಂದು ಮಾತನ್ನು ಮಾತ್ರ ಎದೆ ತಟ್ಟಿ ಹೇಳುತ್ತಿದ್ದ: ತನ್ನ ಬಾಗಿಲು ಎಲ್ಲಿ ಬಿಟ್ಟರೆ ಅಲ್ಲೇ ನಿಲ್ಲುತ್ತದೆ. ಅರ್ಧ ತೆರೆದು ಹೋದರೆ ವಾಪಸು ಬಂದಾಗಲೂ ಅರ್ಧವೇ ತೆರೆದಿರುತ್ತದೆ. ತಾನಾಗಿ ಮುಚ್ಚಿಕೊಳ್ಳುವ, ತಾನಾಗಿ ತೆರೆದುಕೊಳ್ಳುವ ಬಾಗಿಲು ಅವನ ಕಣ್ಣಿಗೆ ಕೆಲಸ ಬರದವನು ಹಾಕಿದ ಸಹಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆಯನ್ನು ಅವನು ಒಪ್ಪುತ್ತಿರಲಿಲ್ಲ. ನೆಲ ನಿಜವಾಗಿಯೂ ಡೊಂಕೇ ಇರುತ್ತದೆ, ಡೊಂಕು ನೆಲದ ಮೇಲೆ ನೇರ ಬಾಗಿಲು ಕೂರಿಸಿದವನೇ ಬಡಗಿ ಎನ್ನುತ್ತಿದ್ದ.

ಇಂಥವನ ಹತ್ತಿರ ಒಂದು ದಿನ ಅವನ ಅಕ್ಕನ ಮಗಳು ಬಂದು, "ಮಾವ, ನಂಗೊಂದು ಕೆಟ್ಟ ಬಾಗಿಲು ಬೇಕು" ಎಂದಳು.

ಅಕ್ಕನ ಮಗಳು ಹಲ್ಲಿನ ಡಾಕ್ಟರ ಬಳಿ ಕೆಲಸಕ್ಕಿದ್ದಳು. ವಾರವೆಲ್ಲ ರೋಗಿಗಳ ಸರದಿ ಬರೆದುಕೊಳ್ಳುವುದು, ಫೋನಿನಲ್ಲಿ ನರಳುವವರಿಗೆ ಸಮಾಧಾನ ಹೇಳುವುದು. ರಜೆಯ ದಿನ ಮಾತ್ರ ದೆವ್ವದ ಸಿನಿಮಾ ತೆಗೆಯುತ್ತಿದ್ದಳು. ನಟರಿಲ್ಲ, ಸೆಟ್ಟಿಲ್ಲ, ಹಿಂದೆ ನಿಂತು ಬೆನ್ನು ತಟ್ಟುವವರೂ ಇಲ್ಲ. ಇದ್ದವನು ಮದುವೆ ಫೋಟೋ ತೆಗೆಯುವ ಗೆಳೆಯನೊಬ್ಬ, ಅವನದೇ ಕ್ಯಾಮೆರಾ. ಅವಳ ಮೊದಲ ಸಿನಿಮಾದಲ್ಲಿ ಮೈಗೆಲ್ಲ ಹಿಟ್ಟು ಬಳಿದುಕೊಂಡು ಆ ಫೋಟೋದವನೇ ದೆವ್ವವಾಗಿದ್ದ. ಬೀರುವಿನಿಂದ ಹೊರಗೆ ಬಂದ ದೆವ್ವ ಸರಿಯಾದ ಸಮಯಕ್ಕೆ ಸೀನಿತು. ನೆಂಟರೆಲ್ಲ ಒಟ್ಟಿಗೆ ಕೂತು ನೋಡಿ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಅವಳೂ ನಕ್ಕಳು. ಆಮೇಲೆ ಮಾವನ ಕೆಲಸದ ಕೊಟ್ಟಿಗೆಗೆ ಬಂದು ಮರದ ಹೊಟ್ಟಿನ ರಾಶಿಯ ಪಕ್ಕದಲ್ಲಿ ಕೂತಳು. ಚಿಕ್ಕವಳಿದ್ದಾಗಲೂ ಅಮ್ಮ ಬೈದರೆ ಅಲ್ಲೇ ಬಂದು ಕೂರುತ್ತಿದ್ದಳು.

"ತಪ್ಪು ಎಲ್ಲಿ ಅಂತ ಗೊತ್ತಾಯ್ತು ಮಾವ" ಎಂದಿದ್ದಳು ಅವತ್ತು. "ದೆವ್ವ ತೋರಿಸೋಕೆ ದುಡ್ಡು ಬೇಕು. ತೋರಿಸದೇ ಇರೋಕೆ ಬುದ್ಧಿ ಸಾಕು."

ಆ ಬುದ್ಧಿಯಿಂದ ಹುಟ್ಟಿದ್ದೇ ಈ ಹೊಸ ಸಿನಿಮಾ. ಇಪ್ಪತ್ತು ನಿಮಿಷದ್ದು. ಒಂಟಿ ಹೆಂಗಸೊಬ್ಬಳು ಕೋಣೆಯಲ್ಲಿ ಮಂಚದ ಮೇಲೆ ಬಾಗಿಲಿಗೆ ಬೆನ್ನು ಹಾಕಿ ಕೂತು ಒಗೆದ ಬಟ್ಟೆ ಮಡಚುತ್ತಿದ್ದಾಳೆ. ಅವಳ ಹಿಂದೆ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ. ಅಲ್ಲಿ ಯಾರೂ ಇಲ್ಲ. ಅಷ್ಟೇ. ಹಿಂದಿನ ಹದಿನೆಂಟು ನಿಮಿಷ ನೋಡುವವರನ್ನು ಆ ಬಾಗಿಲಿನ ಮುಂದೆ ತಂದು ಕೂರಿಸುವುದಕ್ಕೆ ಮಾತ್ರ. ಬಾಗಿಲು ಗೆದ್ದರೆ ಸಿನಿಮಾ ಗೆದ್ದ ಹಾಗೆ, ಬಾಗಿಲು ಬಿದ್ದರೆ ಮತ್ತೆ ಸೀನುವ ದೆವ್ವ. ದಾರ ಕಟ್ಟಿ ಎಳೆದರಾಯಿತಲ್ಲ ಎಂದು ಫೋಟೋದವನು ಹೇಳಿದ್ದ. ಅವಳು ಒಪ್ಪಿರಲಿಲ್ಲ. ಎಳೆದ ಬಾಗಿಲು ಮೊದಲು ಒಂದು ಸಲ ಬೆಚ್ಚುತ್ತದೆ, ಆಮೇಲೆ ಹೊರಡುತ್ತದೆ, ನೋಡುವವರ ಕಣ್ಣು ಅದನ್ನು ಹಿಡಿದುಬಿಡುತ್ತದೆ ಎನ್ನುವುದು ಅವಳ ವಾದ. ಅದು ನಿಜ ಎಂದು ಬಡಗಿಗೂ ಗೊತ್ತಿತ್ತು.

ಆದರೂ ಮೂರು ದಿನ ಅವನು ಆಗಲ್ಲ ಎಂದ. ತಾನಾಗಿ ತೆರೆಯುವ ಬಾಗಿಲನ್ನು ನೇರಪ್ಪ ಕೂರಿಸಿದನಂತೆ ಎಂದು ನಾಲ್ಕು ಜನರಿಗೆ ಗೊತ್ತಾದರೆ ಮುಖ ಎಲ್ಲಿ ಇಟ್ಟುಕೊಳ್ಳುವುದು ಎನ್ನುವುದು ಅವನ ಸಂಕಟ. "ನಿಮ್ಮ ಮುಖವನ್ನು ಯಾರು ನೋಡ್ತಾರೆ, ಸಿನಿಮಾದಲ್ಲಿ ಬರೋದು ನನ್ನ ಮುಖ" ಎಂದಳು ಹೆಂಡತಿ. ಬಟ್ಟೆ ಮಡಚುವ ಹೆಂಗಸಿನ ಪಾತ್ರಕ್ಕೆ ಆಗಲೇ ಅವಳನ್ನು ಒಪ್ಪಿಸಿಯಾಗಿತ್ತು. ಇಷ್ಟು ವರ್ಷ ಗಂಡನಿಗೆ ಬೆನ್ನು ಹಾಕಿ ಕೂತು ಅಭ್ಯಾಸವಿದೆ, ಬೇರೆ ತರಬೇತಿ ಬೇಡ ಎಂದು ಅವಳೇ ಹೇಳಿಕೊಂಡು ತಿರುಗುತ್ತಿದ್ದಳು. ಕೊನೆಗೆ ಬಡಗಿ ಒಂದು ಷರತ್ತಿನ ಮೇಲೆ ಒಪ್ಪಿದ. ಅವನ ಹೆಸರು ಪರದೆಯ ಮೇಲೂ ಬರಕೂಡದು, ಅವಳ ಬಾಯಲ್ಲೂ ಬರಕೂಡದು. ಅಕ್ಕನ ಮಗಳು ಆಣೆ ಮಾಡಿದಳು.

ಸಿನಿಮಾಕ್ಕೆ ಸಿಕ್ಕ ಮನೆ ಖಾಲಿ ಇದ್ದ ಮನೆ. ಹಳೆಯ ಬಾಡಿಗೆಯವರು ಹೋಗಿದ್ದರು, ಹೊಸಬರು ಬರುವುದಕ್ಕೆ ಎರಡು ವಾರವಿತ್ತು. ಮನೆಯೊಡತಿಗೆ ಹಲ್ಲುನೋವು ಬಂದಾಗ ಸರದಿ ತಪ್ಪಿಸಿ ಮುಂದೆ ಕಳಿಸಿದ್ದ ಉಪಕಾರಕ್ಕೆ ಆ ಎರಡು ವಾರ ಬೀಗದಕೈ ಇವರ ಕೈಗೆ ಬಂದಿತ್ತು. ಮಹಡಿಯ ಕೋಣೆಯ ಕಿಟಕಿಗಳಿಗೆ ಕಪ್ಪು ಬಟ್ಟೆ ಹೊದಿಸಿ ಹಗಲಿನಲ್ಲೇ ಇರುಳು ಮಾಡಿಕೊಂಡರು. ಬಡಗಿ ತನ್ನ ಕೊಟ್ಟಿಗೆಯಿಂದ ಹಳೆಯ ಬಾಗಿಲೊಂದನ್ನು ಹೊತ್ತು ತಂದ. ಆ ಕೋಣೆಗಿದ್ದ ಬಾಗಿಲು ತೀರ ಹಗುರ, ತಗಡಿನಂತೆ ನಡುಗುತ್ತಿತ್ತು.

ನೇರ ಕೂರಿಸುವುದು ಅವನಿಗೆ ಉಸಿರಾಡಿದಷ್ಟು ಸಲೀಸು. ಸೊಟ್ಟ ಕೂರಿಸಲು ಮೂರು ದಿನ ಹಿಡಿಯಿತು. ಕೆಳಗಿನ ಕೀಲಿನ ಹಿಂದೆ ರಟ್ಟು ತುರುಕಿದ, ಬಾಗಿಲು ಒಳಕ್ಕೆ ಓಡಿ ಗೋಡೆಗೆ ಬಡಿಯಿತು. ರಟ್ಟು ತೆಗೆದ, ನಿಂತೇಬಿಟ್ಟಿತು. ಕೊನೆಗೊಂದು ಉಪಾಯ ಹೊಳೆಯಿತು. ಮಹಡಿಯದು ಹಲಗೆಯ ನೆಲ, ಬಾಗಿಲಿನ ಮುಂದೆ ಒಂದು ಹಲಗೆ ತುಸು ಉಬ್ಬಿತ್ತು. ಬಾಗಿಲಿನ ಕೆಳ ಅಂಚು ಆ ಉಬ್ಬನ್ನು ಸವರಿಕೊಂಡೇ ಹೋಗುವಂತೆ ಕೂರಿಸಿದ. ರಟ್ಟು ಒಳಕ್ಕೆ ನೂಕುತ್ತದೆ, ನೆಲ ತಡೆಯುತ್ತದೆ, ಬಾಗಿಲು ಕಿರ್ರೆನ್ನುತ್ತ ನಿಧಾನವಾಗಿ ತೆರೆಯುತ್ತದೆ. ಅವನು ಆಚೆಗಡೆ ನಿಂತು ಒಂದು ಬೆರಳಿನಿಂದ ಹಿಡಿದಿದ್ದು, ಬೆರಳು ತೆಗೆದರೆ ಸಾಕು. ಅಕ್ಕನ ಮಗಳು ಚಪ್ಪಾಳೆ ತಟ್ಟಿದಳು. ಅವನಿಗೆ ಮಾತ್ರ ಕದ್ದು ಸಿಕ್ಕಿಬಿದ್ದವನಂತೆ ನಾಚಿಕೆಯಾಯಿತು.

ಬಾಗಿಲಿನ ದೃಶ್ಯವನ್ನು ಕೊನೆಯ ದಿನಕ್ಕೆ ಇಟ್ಟುಕೊಂಡಿದ್ದರು. ಅವತ್ತು ಸಂಜೆ ಐದಕ್ಕೆ ಬೀಗದಕೈ ಒಪ್ಪಿಸಬೇಕು, ಮಾರನೆಯ ಬೆಳಿಗ್ಗೆ ಹೊಸ ಬಾಡಿಗೆಯವರ ಸಾಮಾನು ಬರುತ್ತದೆ. ಬಡಗಿ ಎಲ್ಲರಿಗಿಂತ ಮೊದಲೇ, ಎಂಟಕ್ಕೇ ಹೋಗಿ ಕೂತ. ಎಂಟೂವರೆಗೆ ಮನೆಯೊಡತಿ ಬಂದಳು. ಗೋಡೆ, ನಲ್ಲಿ, ಸ್ವಿಚ್ಚು ನೋಡುತ್ತ ಮಹಡಿ ಹತ್ತಿದವಳು ಈ ಬಾಗಿಲನ್ನು ಮುಚ್ಚಿದಳು. ಅದು ಕಿರ್ರೆಂದು ತೆರೆದುಕೊಂಡಿತು. ಮತ್ತೆ ಮುಚ್ಚಿದಳು, ಮತ್ತೆ ತೆರೆದುಕೊಂಡಿತು. ಅವಳು ಬಡಗಿಯ ಕೈಚೀಲದಿಂದ ಇಣುಕುತ್ತಿದ್ದ ಉಳಿ, ಹತ್ತರಿಗಳ ಕಡೆ ನೋಡಿ, ಇದನ್ನು ನೀವೇ ಕೂರಿಸಿದ್ದಾ ಎಂದು ತಣ್ಣಗೆ ಕೇಳಿದಳು. ನಿಮ್ಮ ಕೈ ಬಹಳ ಚೆನ್ನಾಗಿದೆ ಅಂತ ಕೇಳಿದ್ದೆನಲ್ಲ ಎಂದೂ ಸೇರಿಸಿದಳು.

ಸಿನಿಮಾಕ್ಕೆ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಆ ಮಾತು ಬಾಯಿಗೆ ಬರುವ ಮೊದಲೇ ಅವನ ಕಿವಿ ಕೆಂಪಾಗಿತ್ತು. ಅರ್ಧ ಗಂಟೆ ಕೊಡಿ ಅಮ್ಮ, ನೀವು ಕೆಳಗೆ ನೋಡಿ ಬರುವಷ್ಟರಲ್ಲಿ ಸರಿ ಮಾಡುತ್ತೇನೆ ಎಂದ. ಲೆಕ್ಕಾಚಾರ ಸರಿಯಾಗಿಯೇ ಇತ್ತು: ರಟ್ಟು ತೆಗೆದು ನೇರ ಮಾಡಿ ತೋರಿಸುವುದು, ಅವಳು ಹೋದಮೇಲೆ ರಟ್ಟನ್ನು ಮತ್ತೆ ತುರುಕುವುದು, ಐದು ನಿಮಿಷದ ಕೆಲಸ. ಬಾಗಿಲು ಬಿಚ್ಚಿ ಒರಗಿಸಿದ, ರಟ್ಟು ತೆಗೆದು ಜೇಬಿಗೆ ಹಾಕಿಕೊಂಡ. ಅಷ್ಟಕ್ಕೇ ಕೈ ಸುಮ್ಮನಿರಬೇಕಲ್ಲ. ಹುಟ್ಟುಗುಣ ಸುಟ್ಟರೂ ಹೋಗದು. ನೆಲಕ್ಕೆ ತಾಗಿ ಸವೆದ ಕೆಳ ಅಂಚು ಕಣ್ಣಿಗೆ ಬಿತ್ತು, ಹತ್ತರಿ ಹಿಡಿದು ನಾಲ್ಕು ಸಲ ಎಳೆದ, ಸುರುಳಿ ಸುರುಳಿಯಾಗಿ ಮರದ ಹೊಟ್ಟು ಉದುರಿತು. ಕೀಲುಗಳು ಕಿರುಗುಟ್ಟುವುದು ನೆನಪಾಯಿತು, ಎಣ್ಣೆ ಬಿಟ್ಟ. ತೂಗುಹಾಕಿದಾಗ ಬಾಗಿಲು ಕಲ್ಲಿನಂತೆ ನಿಂತಿತು. ಮನೆಯೊಡತಿ ಬಂದು ಅರ್ಧ ತೆರೆದಳು, ಅರ್ಧದಲ್ಲೇ ನಿಂತಿತು. ಈಗ ಒಪ್ಪಿದೆ ಎಂದು ತಲೆದೂಗಿ ಹೋದಳು. ಅವನಿಗೆ ಎದೆ ತುಂಬಿ ಬಂತು.

ಹೊಟ್ಟು ಗುಡಿಸಲು ಬಗ್ಗಿದಾಗ ತಾನು ಮಾಡಿದ್ದೇನೆಂದು ಹೊಳೆಯಿತು. ರಟ್ಟನ್ನು ಮತ್ತೆ ತುರುಕಬಹುದು. ಕೆತ್ತಿದ ಮರವನ್ನು ಮತ್ತೆ ಅಂಟಿಸಲಾಗುವುದಿಲ್ಲ. ಬಾಗಿಲಿನ ಓಟವನ್ನು ತಡೆಯುತ್ತಿದ್ದ ಅಂಚು ಈಗ ಅವನ ಅಂಗೈಯಲ್ಲಿ ಸುರುಳಿಯಾಗಿ ಕೂತಿತ್ತು. ರಟ್ಟು ಹಾಕಿ ಬೆರಳು ತೆಗೆದು ನೋಡಿದ. ಬಾಗಿಲು ಬಸ್ಸಿಗೆ ತಡವಾದವನು ನುಗ್ಗಿದಂತೆ ಒಳಗೆ ಹೋಗಿ ಗೋಡೆಗೆ ಬಡಿಯಿತು. ಕೆಳಗೆ ಕೆಲವು ಹೆಜ್ಜೆಗಳ ಸದ್ದಾಯಿತು. ಅಕ್ಕನ ಮಗಳು, ಫೋಟೋದವನು, ಬಡಗಿಯ ಹೆಂಡತಿ ಮೆಟ್ಟಿಲು ಹತ್ತುತ್ತಿದ್ದರು.

ಮುಚ್ಚಿಡುವ ಬುದ್ಧಿ ಅವನಿಗೆ ಬರಲಿಲ್ಲ. ನಡೆದದ್ದನ್ನೆಲ್ಲ ನಿಂತಲ್ಲೇ ಹೇಳಿದ. ಫೋಟೋದವನು ತಲೆ ಮೇಲೆ ಕೈ ಹೊತ್ತುಕೊಂಡ. ಯಾರೋ ಏನೋ ಅಂದರು ಅಂತ ನಿಮ್ಮ ಕಾಲ ಮೇಲೆ ನೀವೇ ಕಲ್ಲು ಹಾಕಿಕೊಂಡಿರಾ ಎಂದು ಹೆಂಡತಿ ಶುರುಮಾಡಿದವಳು, ಹುಡುಗಿಯ ಮುಖ ನೋಡಿ ನಿಲ್ಲಿಸಿದಳು. ಅಕ್ಕನ ಮಗಳು ನೆಲದ ಮೇಲೆ ಕೂತಿದ್ದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಅವಳು ಫೋಟೋದವನನ್ನು, ದಾರ ತಂದಿದ್ದೀಯಾ ಎಂದು ಕೇಳಿದಳು.

ಆ ಒಂದು ಮಾತು ಬಡಗಿಗೆ ಚುಚ್ಚಿತು. ಮೊದಲಿನಿಂದಲೂ ದಾರ ಬೇಡ ಎಂದು ಪಟ್ಟು ಹಿಡಿದವಳ ಬಾಯಲ್ಲಿ ದಾರ ಎನ್ನಿಸಿದವನು ತಾನು.

"ದಾರ ಬೇಡ" ಎಂದ. "ಮೂರು ಗಂಟೆವರೆಗೆ ನಂಗೆ ಬಿಡು. ಈ ಬಾಗಿಲನ್ನು ಕೆಡಿಸಿದವನು ನಾನು, ಕೆಡಿಸೋದನ್ನು ಸರಿಯಾಗಿ ಕೆಡಿಸ್ತೀನಿ."

ಬಾಗಿಲಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಅವನು ಯೋಚಿಸತೊಡಗಿದ. ತಾನು ಮಾಡಿದ ಒಳ್ಳೆಯ ಬಾಗಿಲುಗಳೆಲ್ಲ ಈ ಹೊತ್ತಿಗೆ ನಿಷ್ಪ್ರಯೋಜಕ. ಬೇಕಾದದ್ದು ಕೆಟ್ಟ ಬಾಗಿಲುಗಳ ನೆನಪು. ನಲವತ್ತು ವರ್ಷ ಬೇರೆಯವರು ಹಾಳುಮಾಡಿಟ್ಟ ಬಾಗಿಲುಗಳನ್ನು ರಿಪೇರಿ ಮಾಡುವಾಗಲೆಲ್ಲ ಯಾವ ಪುಣ್ಯಾತ್ಮನಪ್ಪ ಇದನ್ನು ಕೂರಿಸಿದವನು ಎಂದು ನಕ್ಕಿದ್ದ. ಈಗ ಆ ಪುಣ್ಯಾತ್ಮರನ್ನೆಲ್ಲ ಒಬ್ಬೊಬ್ಬರಾಗಿ ನೆನಪಿನಿಂದ ಎಬ್ಬಿಸಿದ. ಒಂದು ಶಾಲೆಯ ಕೋಣೆಯ ಬಾಗಿಲು ನೆನಪಾಯಿತು. ಅದು ಗೋಡೆಗೆ ಬಡಿಯುತ್ತಿರಲಿಲ್ಲ. ಅರ್ಧ ತೆರೆದು, ಸ್ವಲ್ಪ ಮುಂದೆ ಹೋಗಿ, ಸ್ವಲ್ಪ ಹಿಂದೆ ಬಂದು ನಿಲ್ಲುತ್ತಿತ್ತು. ಮಕ್ಕಳು ಆ ಕೋಣೆಗೆ ಹೋಗಲು ಅಳುತ್ತಿದ್ದರು. ಒಂದು ಗಂಟೆಯಲ್ಲಿ ಅದನ್ನು ಸರಿಮಾಡಿ, ಮಕ್ಕಳನ್ನೂ ಅದನ್ನು ಕೂರಿಸಿದವನನ್ನೂ ಸೇರಿಸಿ ಗೇಲಿ ಮಾಡಿ ಬಂದಿದ್ದ. ಅಲ್ಲಿ ಏನಿತ್ತು? ಕಣ್ಣು ಮುಚ್ಚಿದ. ಮೇಲಿನ ಕೀಲು ಕೋಣೆಯ ಒಳಗಡೆಗೆ ವಾಲಿತ್ತು. ಬಾಗಿಲು ಓಡುತ್ತಿರಲಿಲ್ಲ, ತನಗೆ ಆರಾಮ ಎನಿಸುವ ಜಾಗ ಹುಡುಕಿಕೊಳ್ಳುತ್ತಿತ್ತು.

ಎದ್ದ. ಕೆಳಗಿನ ಕೀಲಿನ ಹಿಂದಿದ್ದ ರಟ್ಟು ಹೊರಗೆ ಬಂತು, ಅದರಲ್ಲೇ ಸೀಳಿದ ತೆಳುವಾದ ಪದರವೊಂದು ಮೇಲಿನ ಕೀಲಿನ ಹಿಂದೆ ಹೋಯಿತು. ಮೇಲಿನ ಕೀಲು ಕೂರುವ ಗುಳಿಯನ್ನು ಉಳಿಯಿಂದ ಕೆತ್ತಿ, ಕೀಲನ್ನು ಅಕ್ಕಿಕಾಳಿನಷ್ಟು ಕೋಣೆಯ ಕಡೆ ಸರಿಸಿದ. ಅಕ್ಕಿಕಾಳು ಹೆಚ್ಚಾದರೆ ಬಾಗಿಲು ಓಡುತ್ತದೆ, ಕಡಿಮೆಯಾದರೆ ಕದಲುವುದಿಲ್ಲ. ಕೀಲಿಗೆ ಎಣ್ಣೆ ಬಿಟ್ಟಿದ್ದು ಈಗ ಒಳ್ಳೆಯದೇ ಆಯಿತು. ಇಷ್ಟು ಸಣ್ಣ ವಾಟಕ್ಕೆ ತುಕ್ಕುಹಿಡಿದ ಕೀಲು ತಿರುಗುತ್ತಲೇ ಇರಲಿಲ್ಲ.

ಪರೀಕ್ಷೆ ಮಾಡಲು ಹೆಂಡತಿಯನ್ನು ಮಂಚದ ಮೇಲೆ ಕೂರಿಸಿದ. ಅವಳು ಬಾಗಿಲಿಗೆ ಬೆನ್ನು ಹಾಕಿ ಬಟ್ಟೆ ಮಡಚಬೇಕು, ಏನನ್ನಿಸಿತೋ ಅದನ್ನು ಹೇಳಬೇಕು. ಅವನು ಆಚೆಗಡೆಯ ಕತ್ತಲೆಯಲ್ಲಿ ನಿಂತು ಬೆರಳು ತೆಗೆದ. ಏನೂ ಆಗಲಿಲ್ಲ ಎಂದಳು ಅವಳು. ಬಾಗಿಲು ಕದಲಿರಲಿಲ್ಲ. ಎರಡನೆಯ ಸಲ ಯಾರೋ ಫೈಲು ಹಿಡಿದು ಬಂದ ಹಾಗಿತ್ತು ಎಂದಳು. ಮೂರನೆಯ ಸಲಕ್ಕೆ, ಇದು ನೀವೇ, ಊಟಕ್ಕೆ ಬಂದಿದ್ದು ಎಂದಳು. ಫೋಟೋದವನು ನಕ್ಕ. ಬಡಗಿ ನಗಲಿಲ್ಲ. ಪ್ರತಿ ಸಲವೂ ಬಾಗಿಲು ಬಿಚ್ಚಿ, ಗುಳಿಯನ್ನು ಕೂದಲೆಳೆಯಷ್ಟು ಕೆರೆದು, ಮತ್ತೆ ತೂಗುಹಾಕಿ ತಿರುಪು ಬಿಗಿದ. ಊಟಕ್ಕೆ ಕರೆದರೂ ಹೋಗಲಿಲ್ಲ. ಅಕ್ಕನ ಮಗಳು ಅವನ ಪಕ್ಕದಲ್ಲಿ ಟಾರ್ಚು ಹಿಡಿದು ನಿಂತಿದ್ದಳು. ಒಮ್ಮೆ ಮಾತ್ರ, ಕಿರ್ರೆನ್ನುವ ಸದ್ದು ಹೋಯಿತಲ್ಲ ಮಾವ, ದೆವ್ವದ ಸಿನಿಮಾದ ಬಾಗಿಲು ಅಂದರೆ ಕಿರುಗುಟ್ಟಬೇಕಲ್ಲವಾ ಎಂದು ಅಳುಕುತ್ತ ಕೇಳಿದಳು.

"ಕಿರುಗುಟ್ಟಿದರೆ ಅದು ನಿನ್ನನ್ನು ಎಚ್ಚರಿಸಿದ ಹಾಗೆ" ಎಂದ ಬಡಗಿ. "ನನ್ನ ಬಾಗಿಲು ಯಾರನ್ನೂ ಎಚ್ಚರಿಸಲ್ಲ."

ಹೇಳಿದಮೇಲೆ ಅವನಿಗೇ ಆಶ್ಚರ್ಯವಾಯಿತು. ಸೊಟ್ಟ ಬಾಗಿಲನ್ನು ನನ್ನ ಬಾಗಿಲು ಎಂದಿದ್ದ.

ಆರನೆಯ ಸಲವೋ ಏಳನೆಯ ಸಲವೋ, ಅವನು ಮತ್ತೆ ಆಚೆಗಡೆ ನಿಂತು ಬಾಗಿಲಿನ ಅಂಚಿಗೆ ಬೆರಳಿಟ್ಟ. ಒಳಗೆ ಹೆಂಡತಿ ಬಟ್ಟೆ ಕೊಡವುವ ಸದ್ದು ಕೇಳುತ್ತಿತ್ತು. ಬೆರಳು ತೆಗೆದ. ಬಾಗಿಲು ತಕ್ಷಣ ಹೊರಡಲಿಲ್ಲ. ಹೊರಡಲೋ ಬೇಡವೋ ಎಂದು ಯೋಚಿಸಿದಂತೆ ನಿಂತು, ಆಮೇಲೆ ಒಂದಿಷ್ಟೂ ಸದ್ದಿಲ್ಲದೆ ಒಳಕ್ಕೆ ಸರಿಯಿತು. ಅರ್ಧ ದಾಟಿತು, ನಿಧಾನಿಸಿತು, ನಿಂತಿತು. ಆಮೇಲೆ ಒಂದು ಗೇಣು ಹಿಂದಕ್ಕೆ ಬಂತು. ಒಳಗೆ ನೋಡಿದವರು ಬಾಗಿಲ ಹಿಂದೆ ಅಡಗಿಕೊಂಡ ಹಾಗೆ. ಕತ್ತಲೆಯಲ್ಲಿ ನಿಂತ ಅವನ ಮೈಮೇಲಿನ ಕೂದಲು ನೆಟ್ಟಗಾಯಿತು. ಕೂರಿಸಿದವನು ತಾನೇ, ಕಾರಣವೂ ಗೊತ್ತು, ಆದರೂ ಹೆದರಿಕೆಯಾಯಿತು. ಹೆಂಡತಿ ಏನಾದರೂ ಅನ್ನುತ್ತಾಳೆ ಎಂದು ಕಿವಿಗೊಟ್ಟ. ಬಟ್ಟೆಯ ಸದ್ದು ನಿಂತಿತ್ತು. ಮಾತು ಬರಲಿಲ್ಲ. ಆ ಮೌನ ಎಷ್ಟು ಹೊತ್ತು ಇತ್ತೆಂದರೆ, ಅವಳಿಗೇನಾದರೂ ಆಯಿತೇ ಎಂದು ಅವನು ಒಳಗೆ ಹೆಜ್ಜೆ ಇಡುವುದರಲ್ಲಿದ್ದ. ಅಷ್ಟರಲ್ಲಿ ಒಳಗೆ ಕ್ಯಾಮೆರಾದ ಪಕ್ಕದಿಂದ ಅಕ್ಕನ ಮಗಳು ಬಹಳ ಮೆಲ್ಲಗೆ "ಕಟ್" ಎಂದಳು.

ನಾಲ್ಕನೆಯ ಸಲದಿಂದಲೇ ಅವಳು ಕ್ಯಾಮೆರಾ ಚಾಲೂ ಇಡಲು ಹೇಳಿದ್ದಳಂತೆ. ಕ್ಯಾಮೆರಾದ ಹಿಂದೆ ಎಲ್ಲರೂ ತಲೆಗೆ ತಲೆ ತಾಗಿಸಿ ನೋಡಿದರು. ಮುಂದೆ ಬಟ್ಟೆ ಮಡಚುವ ಹೆಂಗಸು, ಹಿಂದೆ ಬಾಗಿಲು. ಬಾಗಿಲು ತೆರೆದು, ಹಿಂದೆ ಸರಿದು ನಿಂತಮೇಲೆ, ಹೆಂಗಸಿನ ಕೈ ಅಂಗಿಯೊಂದರ ಮೇಲೆ ಹಾಗೆಯೇ ಉಳಿದಿತ್ತು. ಆಮೇಲೆ ಅವಳು ಅತಿ ನಿಧಾನವಾಗಿ ಕತ್ತು ತಿರುಗಿಸಿದ್ದಳು. ತಿರುಗು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ಮೂವತ್ತೈದು ವರ್ಷ ಜೊತೆಗೆ ಬಾಳಿದ ಹೆಂಡತಿಯ ಮುಖದಲ್ಲಿ ಅಂಥ ಭಯವನ್ನು ಬಡಗಿ ನೋಡಿಯೇ ಇರಲಿಲ್ಲ.

ಸದ್ದೇ ಇರಲಿಲ್ಲವಲ್ಲ ಅತ್ತೆ, ನಿಮಗೆ ಗೊತ್ತಾಗಿದ್ದು ಹೇಗೆ ಎಂದು ಅಕ್ಕನ ಮಗಳು ಕೇಳಿದಳು.

"ಕತ್ತಿನ ಹಿಂದೆ ಗಾಳಿ ಬಂತು ಕಣೇ" ಎಂದಳು ಹೆಂಡತಿ. "ಬಂದು, ವಾಪಸು ಹೋಯ್ತು."

ಐದಕ್ಕೆ ಬೀಗದಕೈ ಒಪ್ಪಿಸಿದರು. ಅದಕ್ಕೂ ಮೊದಲು ಬಡಗಿ ಸೊಟ್ಟ ಬಾಗಿಲನ್ನು ಕಳಚಿ, ಮನೆಯ ಹಗುರ ಬಾಗಿಲನ್ನು ಮೊದಲಿನ ಜಾಗದಲ್ಲಿ ನೆಟ್ಟಗೆ ಕೂರಿಸಿ ಬಂದಿದ್ದ.

ಇಂಥ ಸಣ್ಣ ಸಣ್ಣ ದೆವ್ವದ ಸಿನಿಮಾಗಳನ್ನೇ ಹುಡುಕಿ ತಂದು ತೋರಿಸುವ ಮೂರು ದಿನದ ಮೇಳವೊಂದಕ್ಕೆ ಅಕ್ಕನ ಮಗಳ ಸಿನಿಮಾ ಆಯ್ಕೆಯಾಯಿತು. ಬೆಳಿಗ್ಗೆ ಹನ್ನೊಂದರ ಆಟ. ನೂರು ಕುರ್ಚಿಯ ಸಭಾಂಗಣ, ಮುಕ್ಕಾಲು ಪಾಲು ತುಂಬಿತ್ತು. ಬಂದವರಲ್ಲಿ ಹೆಚ್ಚಿನವರು ತಾವೇ ಸಿನಿಮಾ ತೆಗೆಯುವವರು, ಸುಲಭಕ್ಕೆ ಹೆದರುವ ಜಾತಿಯವರಲ್ಲ. ಬಡಗಿ ಮತ್ತು ಹೆಂಡತಿ ಮೂರನೆಯ ಸಾಲಿನಲ್ಲಿ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಕೂತಿದ್ದರು. ಬಾಗಿಲಿನ ದೃಶ್ಯ ಹತ್ತಿರವಾದಂತೆ ಅವನು ಕುರ್ಚಿಯ ತುದಿಗೆ ಸರಿದ. ಈಗ ಯಾರಾದರೂ ನಕ್ಕರೆ ಅದು ಹುಡುಗಿಯ ತಪ್ಪಲ್ಲ, ತನ್ನ ತಪ್ಪು.

ಬಾಗಿಲು ತೆರೆಯಿತು. ಹಿಂದೆ ಸರಿದು ನಿಂತಿತು. ಯಾರೂ ನಗಲಿಲ್ಲ. ಮುಂದಿನ ಸಾಲಿನ ದಪ್ಪ ಮನುಷ್ಯನೊಬ್ಬ ತನ್ನ ಹಿಂದೆ ಏನಿದೆ ಎಂದು ತಿರುಗಿ ನೋಡಿದ. ಬಡಗಿಯ ಕಣ್ಣು ಸಂಧಿಸಿದಾಗ ನಾಚಿಕೊಂಡು ಮುಂದೆ ತಿರುಗಿದ. ದೀಪ ಹತ್ತಿದಮೇಲೂ ಒಂದು ಕ್ಷಣ ಸಭಾಂಗಣ ಹಾಗೇ ಇತ್ತು, ಆಮೇಲೆ ಚಪ್ಪಾಳೆ ಬಿತ್ತು. ಅಕ್ಕನ ಮಗಳು ವೇದಿಕೆಯ ಮೇಲೆ ಮೈಕು ಹಿಡಿದು ನಿಂತಿದ್ದಳು.

ಪ್ರಶ್ನೆ ಕೇಳುವ ಸಮಯ ಬಂದಾಗ ಮೊದಲು ಎದ್ದವನು ಆ ದಪ್ಪ ಮನುಷ್ಯನೇ. ತಾನು ಹದಿನೈದು ವರ್ಷದಿಂದ ಇಂಥ ಸಿನಿಮಾಗಳಿಗೆ ಕಂಪ್ಯೂಟರಿನ ಕೆಲಸ ಮಾಡಿಕೊಡುತ್ತಿದ್ದೇನೆ ಎಂದು ಪರಿಚಯ ಹೇಳಿಕೊಂಡ. ಬಾಗಿಲನ್ನು ಕಂಪ್ಯೂಟರಿನಲ್ಲಿ ಮಾಡಿದ್ದು ಎಂದು ತನಗೆ ಗೊತ್ತಾಯಿತು, ಯಾಕೆಂದರೆ ಹಾಗೆ ಹೋಗಿ ಹಾಗೆ ಹಿಂದೆ ಬರುವ ಬಾಗಿಲನ್ನು ನಿಜವಾಗಿ ಕೂರಿಸಲು ಯಾರಿಂದಲೂ ಸಾಧ್ಯವಿಲ್ಲ, ಆದರೂ ಬಹಳ ಚೆನ್ನಾಗಿದೆ, ಮಾಡಿದವರು ಯಾರು ಎಂದು ಕೇಳಿದ. ಅಕ್ಕನ ಮಗಳು ಕಂಪ್ಯೂಟರಿನದಲ್ಲ, ನಿಜವಾದ ಬಾಗಿಲು ಎಂದಳು. ಹಾಗಾದರೆ ಕೂರಿಸಿದವರು ಯಾರು ಎಂದ ಅವನು, ನಂಬದ ದನಿಯಲ್ಲಿ. ಅವಳ ಕಣ್ಣು ಮೂರನೆಯ ಸಾಲಿನ ಕಡೆ ಬಂದು, ಆಣೆ ನೆನಪಾಗಿ, ಬೇರೆ ಕಡೆ ಹೋಯಿತು. ಸಭೆಯಲ್ಲಿ ಅಲ್ಲಲ್ಲಿ ಗುಸುಗುಸು ಎದ್ದಿತು. ಹುಡುಗಿ ಸುಳ್ಳು ಹೇಳುತ್ತಿದ್ದಾಳೆ ಎಂದು ಅವರೆಲ್ಲ ತಿಳಿಯುತ್ತಿದ್ದಾರೆ ಎಂದು ಬಡಗಿಗೆ ಅರ್ಥವಾಯಿತು.

ಅವನು ಎದ್ದು ನಿಂತ.

"ನಾನು ಕೂರಿಸಿದ್ದು" ಎಂದ. ಮೈಕಿಲ್ಲದಿದ್ದರೂ ಕೊನೆಯ ಸಾಲಿಗೆ ಕೇಳಿಸಿತು. "ಕಂಪ್ಯೂಟರೂ ಇಲ್ಲ, ದಾರವೂ ಇಲ್ಲ. ಬಾಗಿಲು ಸೊಟ್ಟ ಇದೆ. ಬೇಕೂಂತಲೇ ಸೊಟ್ಟ ಕೂರಿಸಿದ್ದೀನಿ."

ಎಲ್ಲರೂ ತಿರುಗಿ ನೋಡಿದರು. ಎಷ್ಟು ಸೊಟ್ಟ ಎಂದು ಯಾರೋ ಹಿಂದಿನಿಂದ ಕೇಳಿದರು. ಅಕ್ಕಿಕಾಳಿನಷ್ಟು ಎಂದು ಅವನು ಹೆಬ್ಬೆರಳಿನ ಹತ್ತಿರಕ್ಕೆ ತೋರುಬೆರಳು ತಂದು, ನಡುವೆ ಸಂದು ಬಿಟ್ಟು ತೋರಿಸಿದ. ದಪ್ಪ ಮನುಷ್ಯ ಆ ಬೆರಳುಗಳನ್ನೇ ನೋಡುತ್ತ ತನ್ನ ಕುರ್ಚಿಯಲ್ಲಿ ಕೂತ. ವೇದಿಕೆಯ ಮೇಲಿಂದ ಅಕ್ಕನ ಮಗಳು, ನಗುವೋ ಅಳುವೋ ತಿಳಿಯದ ದನಿಯಲ್ಲಿ, "ಮಾವ, ಹೆಸರು ಹಾಕಲಾ?" ಎಂದು ಮೈಕಿನಲ್ಲೇ ಕೇಳಿದಳು.

"ಹಾಕು" ಎಂದ ಬಡಗಿ. "ಅತ್ತೆ ಹೆಸರಿನ ಕೆಳಗೆ, ಬಾಗಿಲು ಅಂತ ಬರೆದು ನನ್ನ ಹೆಸರು ಹಾಕು."

ಜನ ಮತ್ತೆ ಚಪ್ಪಾಳೆ ತಟ್ಟಿದರು. ಹೆಂಡತಿ ಅಂಗಿಯ ತುದಿ ಹಿಡಿದು ಎಳೆದು, ಸಾಕು ಕೂತ್ಕೊಳ್ಳಿ ಎಂದು ಪಿಸುಗುಟ್ಟಿದಳು. ಅವನು ಕೂರಲಿಲ್ಲ. ಬಾಗಿಲಿನ ಬಗ್ಗೆ ಇನ್ನೂ ಯಾರಾದರೂ ಕೇಳುವವರಿದ್ದರೆ ಕೇಳಲಿ ಎಂದು ನಿಂತೇ ಇದ್ದ.